ಡಂಪ್ ಆಗದ ಪ್ರೋಗ್ರಾಮು: ಕರಾವಳಿಯ ಲ್ಯಾಬುಗಳ ನಾಲ್ಕು ದಶಕ

ಮೈಕ್ರೊಕಂಟ್ರೋಲರಿನ ಪ್ರೋಗ್ರಾಮು ಹುಟ್ಟುವುದು ಒಂದು ಯಂತ್ರದಲ್ಲಿ, ಓಡುವುದು ಮತ್ತೊಂದರಲ್ಲಿ. ಕಂಪ್ಯೂಟರಿನಲ್ಲಿ ಬರೆದು, ಕಂಪೈಲ್ ಮಾಡಿ, ಬಂದ ಹೆಕ್ಸ್ ಫೈಲನ್ನು ಕೇಬಲ್ಲಿನ ಮೂಲಕ ಚಿಪ್ಪಿಗೆ ತುಂಬಬೇಕು. ಹಳಬರು ಇದನ್ನು ಬರ್ನ್ ಮಾಡುವುದು ಎಂದರು. ಈಗಿನ ವಿದ್ಯಾರ್ಥಿಗಳು ಡಂಪ್ ಮಾಡುವುದು ಎನ್ನುತ್ತಾರೆ. ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ ಕಂಪೈಲರ್ ಸಾಲಿನ ಸಂಖ್ಯೆ ಸಹಿತ ತೋರಿಸುತ್ತದೆ. ಡಂಪ್ ಆಗದಿದ್ದಾಗ ಆ ಅನುಕೂಲವಿಲ್ಲ. ದೋಷ ಕೇಬಲ್ಲಿನಲ್ಲಿರಬಹುದು, ಡ್ರೈವರಿನಲ್ಲಿರಬಹುದು, ಬೋರ್ಡಿನಲ್ಲಿರಬಹುದು, ಆಪರೇಟಿಂಗ್ ಸಿಸ್ಟಮ್ ಕೊಡದ ಅನುಮತಿಯಲ್ಲೂ ಇರಬಹುದು. ಕರಾವಳಿಯ ಎಂಜಿನಿಯರಿಂಗ್ ಲ್ಯಾಬುಗಳಲ್ಲಿ ನಾಲ್ಕು ದಶಕಗಳಿಂದ ಈ ತೊಂದರೆ ಹಲವು ವೇಷ ಹಾಕಿದೆ. ಬಹುಪಾಲು ಸಲ ಅದರ ಬೇರು ಇದ್ದದ್ದು ಒಂದೇ ಕಡೆ: ಕಂಪ್ಯೂಟರಿನ ಪೋರ್ಟು ಯಾರ ಹಿಡಿತದಲ್ಲಿದೆ ಎಂಬಲ್ಲಿ.

ಸಾಸ್ತಾನ ಈ ಕತೆಗೆ ಹೊಂದುವ ಊರು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬ್ರಹ್ಮಾವರಕ್ಕೂ ಸಾಲಿಗ್ರಾಮಕ್ಕೂ ನಡುವೆ ಇರುವ ಈ ಪೇಟೆಯಿಂದ ತಾಂತ್ರಿಕ ಶಿಕ್ಷಣಕ್ಕೆ ಹೊರಡುವವರು ಎರಡು ದಿಕ್ಕಿಗೆ ಬಸ್ಸು ಹತ್ತುತ್ತಾರೆ. ಮಾಬುಕಳ ಸೇತುವೆ ದಾಟಿ ದಕ್ಷಿಣಕ್ಕೆ ಹೋದರೆ ಮಣಿಪಾಲ; ಕೋಟ, ತೆಕ್ಕಟ್ಟೆ, ಕೋಟೇಶ್ವರ ದಾಟಿ ಉತ್ತರಕ್ಕೆ ಹೋದರೆ ಕುಂದಾಪುರದ ಮಗ್ಗುಲಿನ ಮೂಡ್ಲಕಟ್ಟೆ. ಮಣಿಪಾಲದ ಎಂಜಿನಿಯರಿಂಗ್ ಕಾಲೇಜು 1957ರದು. ಸುರತ್ಕಲ್ಲಿನ ಕೆಆರ್‌ಇಸಿ 1960ರದು. 2002ರಲ್ಲಿ ಅದು ಎನ್‌ಐಟಿಕೆ ಆಯಿತು. ನಿಟ್ಟೆಯಲ್ಲಿ ಕಾಲೇಜು ಬಂದದ್ದು 1986ರಲ್ಲಿ, ಮೂಡ್ಲಕಟ್ಟೆಯಲ್ಲಿ 2004ರಲ್ಲಿ, ಬಂಟಕಲ್ಲಿನಲ್ಲಿ 2010ರಲ್ಲಿ. ಮಣಿಪಾಲಕ್ಕೋ ಸುರತ್ಕಲ್ಲಿಗೋ ಸೀಟು ಸಿಕ್ಕಿದವರು ಮಾತ್ರ ಕಾಣುತ್ತಿದ್ದ ಉಪಕರಣಗಳು ಹೀಗೆ ಒಂದೊಂದೇ ತಾಲೂಕಿಗೆ ಇಳಿದುಬಂದವು. ಅವುಗಳ ಜತೆಗೆ ಅವುಗಳ ರಿಪೇರಿಯ ಉಪಾಯಗಳೂ ಬಂದವು.

ಮೊದಲ ಘಟ್ಟದಲ್ಲಿ ಆಪರೇಟಿಂಗ್ ಸಿಸ್ಟಮ್ ಎಂಬುದೇ ಇರಲಿಲ್ಲ. ಇಂಟೆಲ್ 1976ರಲ್ಲಿ ತಂದ 8085 ಮೈಕ್ರೊಪ್ರೊಸೆಸರನ್ನು ಕೂರಿಸಿದ ‘ಕಿಟ್’ಗಳ ಮೇಲೆ ಪಾಠ ನಡೆಯುತ್ತಿತ್ತು. ಬೆಂಗಳೂರಿನ ಎಲೆಕ್ಟ್ರೊ ಸಿಸ್ಟಮ್ಸ್ ಅಸೋಸಿಯೇಟ್ಸ್ ತಯಾರಿಸಿದ, ಇಎಸ್‌ಎ ಎಂದೇ ಪರಿಚಿತವಾದ ಕಿಟ್ಟುಗಳು ದಕ್ಷಿಣ ಭಾರತದ ಕಾಲೇಜುಗಳಲ್ಲಿ ಹರಡಿದ್ದವು. ಚೆನ್ನೈಯ ವಿಐ ಮೈಕ್ರೊಸಿಸ್ಟಮ್ಸ್‌ನ ಕಿಟ್ಟುಗಳೂ ಇದ್ದವು. ಹದಿನಾರರ ಪದ್ಧತಿಯ ಅಂಕೆಗಳ ಕೀಪ್ಯಾಡು, ಆರು ಅಂಕೆಯ ಕೆಂಪು ಡಿಸ್ಪ್ಲೇ, ಒಳಗೊಂದು ಮಾನಿಟರ್ ಪ್ರೋಗ್ರಾಮು, ಅಷ್ಟೆ. ವಿದ್ಯಾರ್ಥಿ ಕಾಗದದ ಮೇಲೆ ಅಸೆಂಬ್ಲಿ ಭಾಷೆಯಲ್ಲಿ ಬರೆದು, ಪಟ್ಟಿ ನೋಡಿ ಪ್ರತಿ ಆಜ್ಞೆಯ ಸಂಕೇತ ಹುಡುಕಿ, ವಿಳಾಸ ಒತ್ತಿ, ಬೈಟ್ ಒತ್ತಿ ಮುಂದೆ ಸಾಗಬೇಕು. ಬ್ಯಾಟರಿ ಇಲ್ಲದ ಕಿಟ್ಟಿನಲ್ಲಿ ಕರೆಂಟು ಹೋದರೆ ಒತ್ತಿದ್ದೆಲ್ಲ ಹೋಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ಈ ಕರಾವಳಿಯಲ್ಲಿ ಅದು ಅಪರೂಪದ ಸಂಗತಿಯೇನಲ್ಲ. ಆದರೂ ದೋಷ ಹುಡುಕುವುದು ಆಗ ಸುಲಭವಿತ್ತು ಎನ್ನಬೇಕು. ತಪ್ಪು ಬೈಟಿನಲ್ಲಿರುತ್ತಿತ್ತು, ಇಲ್ಲವೇ ಸಡಿಲಗೊಂಡ ಕನೆಕ್ಟರಿನಲ್ಲಿ. ಮೂರನೆಯ ಜಾಗವೇ ಇರಲಿಲ್ಲ.

ಇಂಟೆಲ್ 8051 ಮೈಕ್ರೊಕಂಟ್ರೋಲರನ್ನು 1980ರಲ್ಲಿ ಹೊರತಂದಿತು. ಪ್ರೊಸೆಸರು, ಮೆಮೊರಿ, ಟೈಮರು, ಸೀರಿಯಲ್ ಪೋರ್ಟು ಎಲ್ಲವೂ ಒಂದೇ ಚಿಪ್ಪಿನಲ್ಲಿ. ಕಾಲೇಜುಗಳಿಗೆ ಅದು ತಲುಪಿದ್ದು ಹೆಚ್ಚಾಗಿ ಒಳಗೆ ಪ್ರೋಗ್ರಾಮ್ ಮೆಮೊರಿಯಿಲ್ಲದ 8031 ರೂಪದಲ್ಲಿ; ಪಕ್ಕದಲ್ಲಿ ಒಂದು ಇಪ್ರಾಮ್ ಚಿಪ್ಪು ಇಟ್ಟು ಪ್ರೋಗ್ರಾಮನ್ನು ಅದರಲ್ಲಿ ಬರೆಯಬೇಕಿತ್ತು. ಬರ್ನ್ ಮಾಡುವ ಕಸುಬು ನಿಜವಾಗಿ ಶುರುವಾದದ್ದು ಇಲ್ಲಿಂದ. ಇಪ್ರಾಮಿನ ಬೆನ್ನಿನ ಮೇಲೆ ಗಾಜಿನ ಕಿಟಕಿ ಇರುತ್ತದೆ. ಹಳೆಯದನ್ನು ಅಳಿಸಲು ನೇರಳಾತೀತ ದೀಪದ ಪೆಟ್ಟಿಗೆಯಲ್ಲಿ 15–20 ನಿಮಿಷ ಇಡಬೇಕು, ಬರೆದ ಮೇಲೆ ಬೆಳಕು ಬೀಳದಂತೆ ಸ್ಟಿಕ್ಕರ್ ಅಂಟಿಸಬೇಕು. ಬರೆಯಲು ಬೇಕಾದ ವೋಲ್ಟೇಜು ಚಿಪ್ಪಿನಿಂದ ಚಿಪ್ಪಿಗೆ ಬೇರೆ: 2716ಕ್ಕೆ 25 ವೋಲ್ಟ್, 2764ಕ್ಕೆ 21, ಅದರ ನಂತರದ ತಲೆಮಾರಿಗೆ 12.5. ಬರ್ನರಿನಲ್ಲಿ ತಪ್ಪು ಮಾದರಿ ಆರಿಸಿದರೆ ಚಿಪ್ಪು ಸುಟ್ಟು ಹೋಗುತ್ತಿತ್ತು. ಇನ್ನೊಂದು ಚಿಪ್ಪು ಬೇಕೆಂದರೆ ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಗಳಿಗೆ ಹೋಗುವವರಲ್ಲಿ ಹೇಳಿ ಕಳಿಸಬೇಕು. ಒಮ್ಮೆ ಮಾತ್ರ ಬರೆಯಬಲ್ಲ, ಅಳಿಸಲಾಗದ ಚಿಪ್ಪುಗಳೂ ಇದ್ದವು. ಬೆಂಗಳೂರಿನ ಬಿಇಎಲ್ ತಯಾರಿಸುವ ಮತಯಂತ್ರದಲ್ಲಿ ಈ ಬಗೆಯದನ್ನು ಬೇಕೆಂದೇ ಬಳಸಿದ್ದಾರೆ. ಲ್ಯಾಬಿನಲ್ಲಿ ಅದು ಯಾರಿಗೂ ಬೇಡದ ಚಿಪ್ಪು.

1984ರ ನವೆಂಬರಿನಲ್ಲಿ ಬಂದ ಹೊಸ ಕಂಪ್ಯೂಟರ್ ನೀತಿ ಆಮದಿನ ಬಿಗಿಯನ್ನು ಸಡಿಲಿಸಿತು. ದಶಕದ ಕೊನೆಯ ಹೊತ್ತಿಗೆ ಕಾಲೇಜುಗಳಲ್ಲಿ ಡಾಸ್ ಓಡುವ ಪಿಸಿಗಳು ಕಾಣಿಸಿಕೊಂಡವು. ಡಾಸ್ ಇಂದಿನ ಅರ್ಥದ ಕಾವಲುಗಾರನಲ್ಲ. ಯಾವ ಪ್ರೋಗ್ರಾಮು ಬೇಕಾದರೂ ಯಾವ ಪೋರ್ಟಿಗೆ ಬೇಕಾದರೂ ನೇರವಾಗಿ ಬೈಟು ಕಳಿಸಬಹುದಿತ್ತು. ಪ್ರಿಂಟರಿನ ಪ್ಯಾರಲಲ್ ಪೋರ್ಟಿನ ವಿಳಾಸ ಹದಿನಾರರ ಪದ್ಧತಿಯಲ್ಲಿ 378 ಎಂಬುದು ಎಲೆಕ್ಟ್ರಾನಿಕ್ಸ್ ಓದುವವರಿಗೆ ಬಾಯಿಪಾಠ. ಆ 25 ಪಿನ್ನುಗಳ ಪೋರ್ಟಿಗೆ ಒಂದು 74ಎಚ್‌ಸಿ244 ಬಫರ್ ಐಸಿ, ಕೆಲವು ರೆಸಿಸ್ಟರು ಬೆಸೆದರೆ ಬರ್ನರ್ ತಯಾರು. 1993ರಲ್ಲಿ ಮೈಕ್ರೊಚಿಪ್ ಕಂಪನಿ ಕರೆಂಟಿನಿಂದಲೇ ಅಳಿಸಿ ಬರೆಯಬಹುದಾದ ಪಿಕ್ 16ಸಿ84 ತಂದಿತು. ಅದೇ ದಶಕದಲ್ಲಿ ಆಟ್ಮೆಲ್‌ನ ಫ್ಲ್ಯಾಶ್ ಮೆಮೊರಿಯ 89ಸಿ51, ಅದರ ಹಿಂದೆ ಎವಿಆರ್ ಚಿಪ್ಪುಗಳು ಬಂದವು. ನೇರಳಾತೀತ ಪೆಟ್ಟಿಗೆ ಮೂಲೆ ಸೇರಿತು. ಚಿಪ್ಪನ್ನು ಬೋರ್ಡಿನಿಂದ ಕೀಳದೆ ನಾಲ್ಕೈದು ತಂತಿಗಳಲ್ಲಿ ಬರೆಯುವ ಕ್ರಮ ಬಂದದ್ದರಿಂದ, ಎಳೆದು ಚುಚ್ಚಿ ಪಿನ್ನು ಮುರಿಯುವ ಕಾಟವೂ ತಪ್ಪಿತು. ಉಪ್ಪುಗಾಳಿಗೆ ಸಾಕೆಟ್ಟಿನ ಪಿನ್ನು ಕಪ್ಪಾಗುವ ಊರುಗಳಿಗೆ ಅದು ಸಣ್ಣ ಲಾಭವಲ್ಲ.

ಡಾಸ್ ಕಾಲದ ದೋಷಗಳು ಹೆಚ್ಚಾಗಿ ಬಯೋಸಿನಲ್ಲಿ ಇರುತ್ತಿದ್ದವು. ಪ್ಯಾರಲಲ್ ಪೋರ್ಟು ಎಸ್‌ಪಿಪಿ, ಇಪಿಪಿ, ಇಸಿಪಿ ಎಂಬ ಮೂರು ಕ್ರಮಗಳಲ್ಲಿ ಯಾವುದಕ್ಕೆ ಹೊಂದಿಕೊಂಡಿದೆ, ವಿಳಾಸ 378ರ ಬದಲು 278 ಆಗಿದೆಯೇ, ಇವೆರಡನ್ನು ನೋಡಿದರೆ ಅರ್ಧ ಸಮಸ್ಯೆ ಮುಗಿಯುತ್ತಿತ್ತು. ಕೆಲವು ಲ್ಯಾಪ್‌ಟಾಪುಗಳ ಪೋರ್ಟಿನಲ್ಲಿ 5 ವೋಲ್ಟಿಗೆ ಬದಲು 3.3 ಮಾತ್ರ ಬರುತ್ತಿದ್ದುದರಿಂದ, ಡೆಸ್ಕ್‌ಟಾಪಿನಲ್ಲಿ ಸರಿಯಾಗಿ ನಡೆದ ಕೇಬಲ್ಲು ಅಲ್ಲಿ ಕೈಕೊಡುತ್ತಿತ್ತು. ವಿಂಡೋಸ್ 95, 98 ಬಂದಾಗಲೂ ಹೆಚ್ಚೇನೂ ಕೆಡಲಿಲ್ಲ. ಅವು ಡಾಸ್‌ನ ಸ್ವಾತಂತ್ರ್ಯವನ್ನು ಬಹುಮಟ್ಟಿಗೆ ಉಳಿಸಿಕೊಂಡಿದ್ದವು.

ನಿಜವಾದ ತಿರುವು ವಿಂಡೋಸ್ ಎನ್‌ಟಿ ವಂಶದಿಂದ ಬಂತು. ವಿಂಡೋಸ್ 2000, ಅದರ ಬೆನ್ನಿಗೆ 2001ರ ಅಕ್ಟೋಬರಿನಲ್ಲಿ ಎಕ್ಸ್‌ಪಿ ಬಂದಾಗ ಕಾಲೇಜುಗಳ ಕಂಪ್ಯೂಟರುಗಳು ಈ ವಂಶಕ್ಕೆ ಸೇರಿದವು. ಇದರಲ್ಲಿ ಸಾಮಾನ್ಯ ಪ್ರೋಗ್ರಾಮು ಪೋರ್ಟನ್ನು ನೇರವಾಗಿ ಮುಟ್ಟುವಂತಿಲ್ಲ. ಮುಟ್ಟಿದರೆ ಓಎಸ್ ಅದನ್ನು ನಿಲ್ಲಿಸುತ್ತದೆ. ನೆನ್ನೆಯವರೆಗೆ ಓಡುತ್ತಿದ್ದ ಬರ್ನರ್ ತಂತ್ರಾಂಶ ಫಾರ್ಮ್ಯಾಟ್ ಹೊಡೆದು ಎಕ್ಸ್‌ಪಿ ಹಾಕಿದ ಮರುದಿನ ಸತ್ತಂತೆ ಕೂತಿತು. ಮದ್ದು ಮೊದಲೇ ಸಿದ್ಧವಿತ್ತು. ಡೇಲ್ ರಾಬರ್ಟ್ಸ್ ಎಂಬಾತ 1996ರಲ್ಲಿ ‘ಡಾ. ಡಾಬ್ಸ್ ಜರ್ನಲ್’ ಎಂಬ ಅಮೆರಿಕದ ಪತ್ರಿಕೆಯಲ್ಲಿ ‘ಗಿವ್‌ಐಓ’ ಎಂಬ ಪುಟ್ಟ ಡ್ರೈವರನ್ನು ಪ್ರಕಟಿಸಿದ್ದ. ಕೇಳಿದ ಪ್ರೋಗ್ರಾಮಿಗೆ ಎಲ್ಲ ಪೋರ್ಟುಗಳನ್ನೂ ತೆರೆದುಕೊಡುವುದೊಂದೇ ಅದರ ಕೆಲಸ. ಭದ್ರತೆಯ ದೃಷ್ಟಿಯಿಂದ ಅದು ಬಾಗಿಲ ಚಿಲಕ ತೆಗೆದಿಟ್ಟಂತೆ. ಲ್ಯಾಬಿನ ದೃಷ್ಟಿಯಿಂದ ಅದಿಲ್ಲದೆ ಸೆಮಿಸ್ಟರು ಮುಗಿಯುತ್ತಿರಲಿಲ್ಲ. ಆ ಮೇಲೂ ಒಂದು ಕಿರಿಕಿರಿ ಉಳಿಯಿತು: ಪ್ರಿಂಟರ್ ಬಂದಿದೆಯೇ ಎಂದು ವಿಂಡೋಸ್ ತಾನಾಗಿ ಆಗಾಗ ಪೋರ್ಟನ್ನು ತಟ್ಟಿ ನೋಡುತ್ತಿತ್ತು, ಬರೆಯುತ್ತಿದ್ದ ಚಿಪ್ಪು ಅರ್ಧದಲ್ಲಿ ಕೆಡುತ್ತಿತ್ತು. ವಿಂಡೋಸ್ ವಿಸ್ಟಾದ 64 ಬಿಟ್ ಆವೃತ್ತಿ ಸಹಿ ಇಲ್ಲದ ಕರ್ನಲ್ ಡ್ರೈವರುಗಳನ್ನು ನಿರಾಕರಿಸಿದಾಗ ಗಿವ್‌ಐಓ ಕಾಲವೂ ಮುಗಿಯಿತು.

ಅದೇ ಸಮಸ್ಯೆಯನ್ನು ಲಿನಕ್ಸ್ ಬೇರೆ ರೀತಿ ಬಿಡಿಸಿತು. ಅಲ್ಲೂ ಪೋರ್ಟು ಮೊದಲಿನಿಂದ ಬೀಗದೊಳಗೇ ಇತ್ತು, ರೂಟ್ ಬಳಕೆದಾರ ಮಾತ್ರ ಮುಟ್ಟಬಹುದಿತ್ತು. 2001ರ 2.4 ಕರ್ನಲ್ಲಿನಿಂದ ಪ್ಯಾರಲಲ್ ಪೋರ್ಟು ಒಂದು ಫೈಲಿನಂತೆ ಕಾಣಿಸಿಕೊಂಡಿತು. ಸರಿಯಾದ ಗುಂಪಿಗೆ ಹೆಸರು ಸೇರಿಸಿದರೆ ಸಾಮಾನ್ಯ ಬಳಕೆದಾರನೂ ಅದನ್ನು ಬಳಸಬಹುದು. ಒಂದು ಕಡೆ ಬೀಗ ಒಡೆಯುವ ಉಪಾಯ, ಇನ್ನೊಂದು ಕಡೆ ಕೀಲಿ ಕೊಡುವ ನಿಯಮ. ಎರಡನೆಯದೇ ಉತ್ತಮ ವ್ಯವಸ್ಥೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದರ ಬೆಲೆಯನ್ನು ವಿದ್ಯಾರ್ಥಿಗಳು ಇಂದಿಗೂ ತೆರುತ್ತಿದ್ದಾರೆ, ಆ ಮಾತು ಮುಂದೆ ಬರುತ್ತದೆ.

1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಬಹುತೇಕ ಕಾಲೇಜುಗಳಿಗೆ ಒಂದೇ ಪಠ್ಯಕ್ರಮ ಬಂತು. 8051ರ ಲ್ಯಾಬು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆಲ್ಲ ಕಡ್ಡಾಯವಾಯಿತು, ಅದರ ಜತೆಗೆ ಕೈಲ್ ತಂತ್ರಾಂಶವೂ ಬಂತು. ಜರ್ಮನಿಯ ಮ್ಯೂನಿಕ್ಕಿನಲ್ಲಿ 1982ರಲ್ಲಿ ಹುಟ್ಟಿದ ಕೈಲ್ ಕಂಪನಿ 1988ರಲ್ಲಿ 8051ಕ್ಕಾಗಿ ಸಿ ಕಂಪೈಲರ್ ತಂದಿತು. 2005ರಲ್ಲಿ ಬ್ರಿಟನ್ನಿನ ಆರ್ಮ್ ಕಂಪನಿ ಅದನ್ನು ಕೊಂಡಿತು. ಉಚಿತವಾಗಿ ಸಿಗುವ ಪರೀಕ್ಷಾ ಆವೃತ್ತಿಯಲ್ಲಿ ಪ್ರೋಗ್ರಾಮು 2 ಕಿಲೋಬೈಟ್ ದಾಟುವಂತಿಲ್ಲ. ಲ್ಯಾಬ್ ಮ್ಯಾನ್ಯುಯಲ್ಲಿನ ಪ್ರೋಗ್ರಾಮುಗಳು ಆ ಮಿತಿಯೊಳಗೇ ಇರುತ್ತವೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಎಲ್‌ಸಿಡಿ, ಜಿಎಸ್‌ಎಂ ಮೋಡೆಮ್ ಎಲ್ಲ ಸೇರಿಸಿದಾಗ ‘ಎಲ್250’ ಎಂಬ ಎರರ್ ಎದುರಾಗುತ್ತದೆ. ಅದು ಪ್ರೋಗ್ರಾಮಿನ ತಪ್ಪಲ್ಲ, ಪರವಾನಗಿಯ ಮಿತಿ ಎಂದು ತಿಳಿಯುವ ಹೊತ್ತಿಗೆ ಕೆಲವರು ಕೋಡನ್ನೇ ತಿದ್ದಿ ತಿದ್ದಿ ಕೆಡಿಸಿರುತ್ತಾರೆ.

8051ರ ಕೈಲ್ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ. ಲಿನಕ್ಸ್ ಹಾಕಿಕೊಂಡ ವಿದ್ಯಾರ್ಥಿಗೆ ದಾರಿ ತೋರಿದ್ದು ಎಸ್‌ಡಿಸಿಸಿ. ಸಂದೀಪ್ ದತ್ತಾ ಬರೆದು 1999ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಈ ಕಂಪೈಲರಿಗೆ ಗಾತ್ರದ ಮಿತಿಯಿಲ್ಲ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಆದರೆ ಮ್ಯಾನ್ಯುಯಲ್ಲಿನ ಪ್ರೋಗ್ರಾಮನ್ನು ಹಾಗೆಯೇ ಕೊಟ್ಟರೆ ಅದು ಒಪ್ಪುವುದಿಲ್ಲ. ಮೊದಲ ಸಾಲಿನಲ್ಲೇ ಕರೆಯುವ ‘ರೆಗ್51’ ಹೆಡರ್ ಫೈಲಿನ ಹೆಸರು ದೊಡ್ಡಕ್ಷರದಲ್ಲಿದ್ದರೂ ಚಿಕ್ಕಕ್ಷರದಲ್ಲಿದ್ದರೂ ವಿಂಡೋಸಿಗೆ ಒಂದೇ, ಲಿನಕ್ಸಿಗೆ ಅವು ಎರಡು ಬೇರೆ ಫೈಲುಗಳು. ಎಸ್‌ಡಿಸಿಸಿಯ ಸ್ವಂತ ಹೆಡರಿನ ಹೆಸರೇ ಬೇರೆ. ಒಂದು ಪಿನ್ನಿಗೆ ಹೆಸರಿಡಲು ಕೈಲ್ ಬಳಸುವ ‘ಎಸ್‌ಬಿಟ್’ ಎಂಬ ಪದ ಸಿ ಭಾಷೆಯದಲ್ಲ, ಕೈಲ್ ತಾನೇ ಸೇರಿಸಿಕೊಂಡದ್ದು. ಎಸ್‌ಡಿಸಿಸಿಯಲ್ಲಿ ಅದಕ್ಕೆ ಬೇರೆ ಬರವಣಿಗೆ ಇದೆ. ಹತ್ತು ಸಾಲಿನ ಎಲ್‌ಇಡಿ ಪ್ರೋಗ್ರಾಮಿಗೆ ಇಪ್ಪತ್ತು ಎರರು ಕಂಡ ವಿದ್ಯಾರ್ಥಿ ಲಿನಕ್ಸೇ ಸರಿಯಿಲ್ಲ ಎಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ತೊಂದರೆ ಓಎಸ್‌ನದಲ್ಲ, ಒಂದು ಕಂಪನಿಯ ಒಗ್ಗರಣೆಯನ್ನೇ ಭಾಷೆಯೆಂದು ಕಲಿಸಿದ ಪಠ್ಯದ್ದು. ಪರೀಕ್ಷೆಯಲ್ಲಿ ಎಕ್ಸ್‌ಟರ್ನಲ್ ಪರೀಕ್ಷಕರು ಬಂದು ನೋಡುವುದು ಕೈಲ್ ಪರದೆಯನ್ನೇ ಆದ್ದರಿಂದ ಈ ಭೇದವನ್ನು ತಿಳಿಸಿ ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಹೆಕ್ಸ್ ಫೈಲು ಮಾತ್ರ ಈ ಜಗಳಕ್ಕೆ ಸಿಕ್ಕಲಿಲ್ಲ. ಇಂಟೆಲ್ 1970ರ ದಶಕದಲ್ಲಿ ರೂಪಿಸಿದ ಈ ಕ್ರಮದಲ್ಲಿ ಪ್ರತಿ ಸಾಲೂ ವಿವರಣ ಚಿಹ್ನೆಯಿಂದ ಆರಂಭವಾಗಿ, ಉದ್ದ, ವಿಳಾಸ, ದತ್ತಾಂಶಗಳ ನಂತರ ತಾಳೆ ನೋಡುವ ಸಂಖ್ಯೆಯೊಂದರಿಂದ ಮುಗಿಯುತ್ತದೆ. ಬರೇ ಅಕ್ಷರ, ಅಂಕೆಗಳ ಪಠ್ಯವಾದ್ದರಿಂದ ಯಾವ ಓಎಸ್‌ನಲ್ಲಿ ಹುಟ್ಟಿದ ಫೈಲೂ ಇನ್ನೊಂದರಲ್ಲಿ ಓದಲು ಬರುತ್ತದೆ. ಮನೆಯ ಲಿನಕ್ಸಿನಲ್ಲಿ ಕಂಪೈಲ್ ಮಾಡಿ, ಹೆಕ್ಸನ್ನು ಪೆನ್‌ಡ್ರೈವಿನಲ್ಲಿ ಕಾಲೇಜಿಗೆ ಒಯ್ದು, ಅಲ್ಲಿನ ವಿಂಡೋಸಿನಿಂದ ಡಂಪ್ ಮಾಡುವುದು ತೊಂದರೆಯಿಲ್ಲದೆ ನಡೆಯುವ ಉಪಾಯ.

8051ರ ಜತೆಗೆ ಬಂದ ಎಲ್‌ಪಿಸಿ2148 ಎಂಬ ಆರ್ಮ್7 ಚಿಪ್ಪಿನ ಬೋರ್ಡುಗಳು ಮತ್ತೊಂದು ಕಗ್ಗಂಟು ತಂದವು. 2013ರಲ್ಲಿ ಕೈಲ್ ಐದನೆಯ ಆವೃತ್ತಿ ಬಂದಾಗ ಆರ್ಮ್7 ಚಿಪ್ಪುಗಳನ್ನು ಮುಖ್ಯ ಪಟ್ಟಿಯಿಂದ ಕೈಬಿಟ್ಟರು. ಹಳೆಯವಕ್ಕಾಗಿ ಪ್ರತ್ಯೇಕ ಪ್ಯಾಕೊಂದನ್ನು ಇಳಿಸಿಕೊಳ್ಳಬೇಕು. ಹೊಸದನ್ನು ಹಾಕಿದವರಿಗೆ ತಮ್ಮ ಚಿಪ್ಪಿನ ಹೆಸರೇ ಕಾಣಲಿಲ್ಲ. ನಾಲ್ಕನೆಯ ಆವೃತ್ತಿಯನ್ನು ಬಿಡದೆ ಹಿಡಿದಿಟ್ಟುಕೊಂಡ ಲ್ಯಾಬುಗಳೇ ಜಾಣತನ ಮಾಡಿದವು.

ಇಷ್ಟರಲ್ಲಿ ಕಂಪ್ಯೂಟರುಗಳಿಂದ ಪ್ಯಾರಲಲ್ ಪೋರ್ಟೂ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟೂ ಮಾಯವಾಗಿ ಯುಎಸ್‌ಬಿ ಒಂದೇ ಉಳಿಯಿತು. ಯುಎಸ್‌ಬಿಯಿಂದ ಸೀರಿಯಲ್ಲಿಗೆ ತಿರುಗಿಸುವ ಪುಟ್ಟ ಚಿಪ್ಪು ನಡುವೆ ಬಂತು. ಅದರೊಂದಿಗೆ ನಕಲಿ ಚಿಪ್ಪುಗಳೂ ಬಂದವು. 2012ರಲ್ಲಿ ತೈವಾನಿನ ಪ್ರೊಲಿಫಿಕ್ ಕಂಪನಿಯ ಹೊಸ ಡ್ರೈವರು ತನ್ನ ಹಳೆಯ ಮಾದರಿಯ ಚಿಪ್ಪುಗಳನ್ನೂ ಅವುಗಳ ನಕಲುಗಳನ್ನೂ ಒಟ್ಟಿಗೆ ತಿರಸ್ಕರಿಸಿತು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು, ‘ಕೋಡ್ 10’ ಎಂಬ ಸಂದೇಶ. ಹಳೆಯ ಡ್ರೈವರಿಗೆ ಮರಳಿದರೆ ಅದೇ ಕೇಬಲ್ಲು ನಡೆಯುತ್ತಿತ್ತು. 2014ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಎಫ್‌ಟಿಡಿಐ ಇನ್ನೂ ಮುಂದೆ ಹೋಯಿತು. ವಿಂಡೋಸ್ ಅಪ್‌ಡೇಟಿನಲ್ಲಿ ಬಂದ ಅದರ ಡ್ರೈವರು ನಕಲಿ ಚಿಪ್ಪಿನೊಳಗಿನ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಟ್ಟಿತು. ಗುರುತು ಚಿಪ್ಪಿನಲ್ಲೇ ಅಳಿದದ್ದರಿಂದ ಅದನ್ನು ಲಿನಕ್ಸಿಗೆ ಚುಚ್ಚಿದರೂ ಕಾಣುತ್ತಿರಲಿಲ್ಲ. ಗದ್ದಲವೆದ್ದ ಮೇಲೆ ಆ ಡ್ರೈವರನ್ನು ಹಿಂತೆಗೆದರು. ಕಂಪನಿಗಳ ನಡುವಿನ ವ್ಯಾಜ್ಯಕ್ಕೆ, ತನ್ನ ಕೇಬಲ್ಲಿನಲ್ಲಿರುವುದು ನಕಲಿಯೆಂದೇ ಗೊತ್ತಿಲ್ಲದ ಗ್ರಾಹಕ ದಂಡ ತೆತ್ತ ಪ್ರಸಂಗವಿದು. ಎಫ್‌ಟಿಡಿಐ ಮಾಡಿದ್ದನ್ನು ಯಾವ ರೀತಿಯಲ್ಲೂ ಸಮರ್ಥಿಸಲಾಗದು.

ಕರಾವಳಿಯ ಲ್ಯಾಬುಗಳನ್ನೂ ಮನೆಗಳನ್ನೂ ನಿಜವಾಗಿ ಬದಲಿಸಿದ್ದು ಆರ್ಡುಯಿನೊ. ಇಟಲಿಯ ಇವ್ರಿಯಾದ ವಿನ್ಯಾಸ ಶಾಲೆಯಲ್ಲಿ 2005ರಲ್ಲಿ ಹುಟ್ಟಿದ ಈ ಬೋರ್ಡಿನ ತಂತ್ರಾಂಶ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಒಂದೇ ಮುಖ ತೋರಿಸುತ್ತದೆ. ಮುಖದ ಹಿಂದೆ ದುಡಿಯುವುದು ಎವಿಆರ್‌ಡ್ಯೂಡ್ ಎಂಬ ಹಳೆಯ ಕಾರ್ಯಕ್ರಮ. ಬ್ರಯಾನ್ ಡೀನ್ ಅದನ್ನು ಮೊದಲು ಬರೆದದ್ದು ಫ್ರೀಬಿಎಸ್‌ಡಿಗಾಗಿ. ಬಳಿಕ ಉಳಿದ ಓಎಸ್‌ಗಳಿಗೆ ಒಗ್ಗಿಸಿದರು. ಅಪ್‌ಲೋಡ್ ಕೆಟ್ಟಾಗ ಕೆಂಪು ಅಕ್ಷರದಲ್ಲಿ ಬರುವ ‘ನಾಟ್ ಇನ್ ಸಿಂಕ್’ ಎಂಬ ಸಂದೇಶ ಅದರದೇ. ಬೋರ್ಡು ಉತ್ತರ ಕೊಡಲಿಲ್ಲ ಎಂಬುದಷ್ಟೇ ಅದರ ಅರ್ಥ. ಯಾಕೆ ಕೊಡಲಿಲ್ಲ ಎಂಬುದು ಅದಕ್ಕೂ ಗೊತ್ತಿಲ್ಲ.

ಮೂರೂ ಓಎಸ್‌ಗಳಿಗೆ ಸಮಾನವಾದ ಕಾರಣಗಳು ಕೆಲವಿವೆ. ಮೊಬೈಲ್ ಚಾರ್ಜಿಂಗಿಗೆ ಮಾತ್ರ ಆಗುವ ಕೇಬಲ್ಲಿನಲ್ಲಿ ದತ್ತಾಂಶದ ತಂತಿಗಳೇ ಇರುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಪೋರ್ಟು ಕಾಣುವುದಿಲ್ಲ. ಪಿನ್ 0 ಮತ್ತು 1ಕ್ಕೆ ಬ್ಲೂಟೂತ್ ಮಾಡ್ಯೂಲನ್ನು ಸಿಕ್ಕಿಸಿಟ್ಟೇ ಅಪ್‌ಲೋಡ್ ಮಾಡಿದರೆ ಎರಡು ಮಾತು ಒಂದೇ ತಂತಿಯಲ್ಲಿ ಡಿಕ್ಕಿಯಾಗುತ್ತದೆ. 2018ರಲ್ಲಿ ನ್ಯಾನೊ ಬೋರ್ಡಿನ ಬೂಟ್‌ಲೋಡರ್ ಬದಲಾಗಿ ಅದರ ವೇಗ 57,600ರಿಂದ 1,15,200ಕ್ಕೆ ಏರಿತು. ಅಗ್ಗದ ನಕಲು ಬೋರ್ಡುಗಳು ಹಳೆಯದರಲ್ಲೇ ಉಳಿದದ್ದರಿಂದ ಮೆನುವಿನಲ್ಲಿ ‘ಓಲ್ಡ್ ಬೂಟ್‌ಲೋಡರ್’ ಆರಿಸಬೇಕಾಯಿತು. ದೋಷ ಯಾವ ಕಡೆ ಇದೆ ಎಂದು ತಿಳಿಯಲು ಒಂದು ಪರೀಕ್ಷೆ ಇದೆ: ಬೋರ್ಡಿನ ಪ್ರೊಸೆಸರನ್ನು ರೀಸೆಟ್‌ನಲ್ಲಿ ಹಿಡಿದು, ಕಳಿಸುವ ಪಿನ್ನನ್ನೂ ಪಡೆಯುವ ಪಿನ್ನನ್ನೂ ಒಂದು ತಂತಿಯಿಂದ ಕೂಡಿಸಿ, ಸೀರಿಯಲ್ ಮಾನಿಟರಿನಲ್ಲಿ ಏನಾದರೂ ಟೈಪ್ ಮಾಡಿದರೆ ಅದೇ ಮರಳಿ ಬರಬೇಕು. ಬಂದರೆ ಕೇಬಲ್ಲು, ಡ್ರೈವರು, ಓಎಸ್ ಮೂರೂ ನಿರ್ದೋಷಿ. ಇಷ್ಟು ಸುಲಭದ ಪರೀಕ್ಷೆಯನ್ನು ಲ್ಯಾಬ್ ಮ್ಯಾನ್ಯುಯಲ್ಲುಗಳ ಮೊದಲ ಪುಟದಲ್ಲೇ ಅಚ್ಚು ಹಾಕಬಹುದು.

ಅದರಾಚೆಗೆ ಪ್ರತಿ ಓಎಸ್‌ಗೂ ತನ್ನದೇ ಕಾಯಿಲೆ. ವಿಂಡೋಸ್ 8 ಡ್ರೈವರಿನ ಸಹಿಗೆ ಹಟ ಹಿಡಿದಾಗ ಆರ್ಡುಯಿನೊದ ಸಹಿಯಿಲ್ಲದ ಡ್ರೈವರು ಒಳಗೆ ಹೋಗಲಿಲ್ಲ. 2013ರಲ್ಲಿ ಸಹಿ ಇರುವ ಡ್ರೈವರು ಬರುವವರೆಗೆ ಆ ತಪಾಸಣೆಯನ್ನೇ ಆಫ್ ಮಾಡಿ ರೀಸ್ಟಾರ್ಟ್ ಮಾಡುವ ಕಸರತ್ತು ನಡೆಯಿತು. ವಿಂಡೋಸ್ ಪ್ರತಿ ಹೊಸ ಬೋರ್ಡಿಗೆ ಹೊಸ ಕಾಮ್ ಸಂಖ್ಯೆ ಕೊಡುತ್ತ ಹೋಗುತ್ತದೆ. ಮೂವತ್ತು ಬೋರ್ಡು ಕೈಬದಲಿಸುವ ಲ್ಯಾಬಿನಲ್ಲಿ ಅದು ಬೇಗನೆ ಎರಡಂಕಿ ಮುಟ್ಟುತ್ತದೆ, ಹಳೆಯ ತಂತ್ರಾಂಶಗಳಲ್ಲಿ ಕೆಲವಕ್ಕೆ 9ರ ಮೇಲಿನದು ಕಾಣುವುದಿಲ್ಲ.

ಲಿನಕ್ಸಿನಲ್ಲಿ ಡ್ರೈವರು ಹುಡುಕುವ ಕೆಲಸವಿಲ್ಲ, ಅದು ಕರ್ನಲ್ಲಿನಲ್ಲೇ ಇದೆ. ಇರುವುದು ಅನುಮತಿಯ ಸಮಸ್ಯೆ. ಉಬುಂಟುವಿನಲ್ಲಿ ಸೀರಿಯಲ್ ಪೋರ್ಟು ‘ಡಯಲ್‌ಔಟ್’ ಗುಂಪಿನ ಸ್ವತ್ತು. ಬಳಕೆದಾರನ ಹೆಸರು ಆ ಗುಂಪಿನಲ್ಲಿಲ್ಲದಿದ್ದರೆ ‘ಪರ್ಮಿಶನ್ ಡಿನೈಡ್’. ಮೋಡೆಮ್ಮಿನಿಂದ ಫೋನು ಹಚ್ಚುತ್ತಿದ್ದ ಕಾಲದಲ್ಲಿ ಯಾರ ಬಿಲ್ಲಿಗೆ ಯಾರು ಕರೆ ಮಾಡಬಹುದು ಎಂದು ತಡೆಯಲು ಇದ್ದ ಗುಂಪದು. ಹೆಸರು ಸೇರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ಬಹಳ ಮಂದಿ ಎಡವುವುದು ಅಲ್ಲೇ. ಮೋಡೆಮ್‌ಮ್ಯಾನೇಜರ್ ಎಂಬ ಸೇವೆ ಬೋರ್ಡನ್ನು ಮೋಡೆಮ್ಮೆಂದು ತಿಳಿದು ಮಾತಾಡಿಸಲು ಹೋಗುತ್ತದೆ, ಆ ಕೆಲವು ಸೆಕೆಂಡು ಅಪ್‌ಲೋಡ್ ಆಗುವುದಿಲ್ಲ. 2022ರ ಏಪ್ರಿಲಿನಲ್ಲಿ ಬಂದ ಉಬುಂಟು 22.04ರಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯಿತು. ಅಗ್ಗದ ಬೋರ್ಡುಗಳಲ್ಲಿರುವ ಸಿಎಚ್340 ಚಿಪ್ಪಿನ ಗುರುತಿನ ಸಂಖ್ಯೆಯೂ ಅಂಧರು ಬಳಸುವ ಒಂದು ಬ್ರೈಲ್ ಸಾಧನದ ಸಂಖ್ಯೆಯೂ ಒಂದೇ ಆದ್ದರಿಂದ, ಬ್ರೈಲ್ ಸೇವೆ ಬೋರ್ಡನ್ನು ಎಳೆದುಕೊಂಡಿತು. ಪೋರ್ಟು ಕಾಣಿಸಿಕೊಂಡ ಕ್ಷಣದಲ್ಲೇ ಮರೆಯಾಗುತ್ತಿತ್ತು. ಬ್ರೈಲ್ ಸಾಧನ ಬಳಸದವರು ಆ ಸೇವೆಯನ್ನು ತೆಗೆದುಹಾಕಿದರೆ ಸರಿಹೋಗುತ್ತದೆ.

ಮ್ಯಾಕ್ ಇಲ್ಲಿನ ಲ್ಯಾಬುಗಳಲ್ಲಿ ಅಪರೂಪ. 2016ರ ಸಿಯೆರಾ ಆವೃತ್ತಿಯಲ್ಲಿ ಸಿಎಚ್340ರ ಹಳೆಯ ಡ್ರೈವರಿದ್ದರೆ ಬೋರ್ಡು ಚುಚ್ಚಿದ ಕೂಡಲೇ ಇಡೀ ಯಂತ್ರ ಕುಸಿದು ರೀಸ್ಟಾರ್ಟ್ ಆಗುತ್ತಿತ್ತು. 2018ರ ಮೊಹಾವೆಯಲ್ಲಿ ಆಪಲ್ ತನ್ನದೇ ಡ್ರೈವರು ಕೊಟ್ಟ ಮೇಲೆ, ಹೊರಗಿನದನ್ನು ಅಳಿಸುವುದೇ ಪರಿಹಾರವಾಯಿತು. ಮರುವರ್ಷದ ಕ್ಯಾಟಲಿನಾ 32 ಬಿಟ್ ಕಾರ್ಯಕ್ರಮಗಳನ್ನು ಪೂರ್ತಿ ಕೈಬಿಟ್ಟಿದ್ದರಿಂದ ಹಳೆಯ ಆರ್ಡುಯಿನೊ ತಂತ್ರಾಂಶದ ಒಳಗಿನ ಕಂಪೈಲರ್ ಓಡಲೇ ಇಲ್ಲ.

ಕನ್ನಡದವರಿಗೇ ಮೀಸಲಾದ ದೋಷವೂ ಒಂದಿದೆ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಕನ್ನಡ ಟೈಪಿಂಗ್ ಸಲೀಸಾಗಿತ್ತು. 2001ರ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಕನ್ನಡವನ್ನು ವಿಂಡೋಸಿನೊಳಗೆ ತಂದಿತು. ಫೋಲ್ಡರಿಗೆ, ಬಳಕೆದಾರನ ಹೆಸರಿಗೆ ಕನ್ನಡ ಅಕ್ಷರ ಹಾಕುವುದು ಸಾಧ್ಯವಾಯಿತು. ಆದರೆ ಕಂಪೈಲರಿನಂಥ ಹಳೆಯ ಜಾಡಿನ ಕಾರ್ಯಕ್ರಮಗಳು ವಿಂಡೋಸಿನಲ್ಲಿ ಯೂನಿಕೋಡಿಗೆ ಮೊದಲಿನ ಕೋಡ್‌ಪೇಜ್ ಪದ್ಧತಿಯಲ್ಲಿ ದಾರಿ ಓದುತ್ತಿದ್ದವು. ಭಾರತೀಯ ಲಿಪಿಗಳಿಗೆ ವಿಂಡೋಸ್ ಅಂಥ ಕೋಡ್‌ಪೇಜನ್ನು ಕೊಡಲೇ ಇಲ್ಲ. ಹೀಗಾಗಿ ಕನ್ನಡ ಹೆಸರಿನ ಫೋಲ್ಡರಿನಲ್ಲಿಟ್ಟ ಪ್ರೋಗ್ರಾಮು ಅವಕ್ಕೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಂಡು, ಫೈಲೇ ಇಲ್ಲ ಎಂಬ ಉತ್ತರ ಬರುತ್ತಿತ್ತು. ಲಿನಕ್ಸ್ ಎಲ್ಲೆಡೆ ಯುಟಿಎಫ್-8 ಬಳಸುವುದರಿಂದ ಅಲ್ಲಿ ಈ ತಕರಾರಿಲ್ಲ. ಫೋಲ್ಡರಿಗೆ ಇಂಗ್ಲಿಷ್ ಹೆಸರಿಡಿ ಎಂಬ ಸಲಹೆ ಕೆಲಸ ನಡೆಸುತ್ತದೆ ನಿಜ. ಸ್ವಂತ ಭಾಷೆಯಲ್ಲಿ ಹೆಸರಿಟ್ಟ ವಿದ್ಯಾರ್ಥಿಯದೇ ತಪ್ಪು ಎಂಬಂತೆ ಅದನ್ನು ಹೇಳುವುದು ಸರಿಯಲ್ಲ.

2016ರಲ್ಲಿ ನೀತಿ ಆಯೋಗ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಕೊಟ್ಟು, ಆರನೆಯ ತರಗತಿಯಿಂದಲೇ ಮಕ್ಕಳ ಕೈಗೆ ಈ ಬೋರ್ಡುಗಳನ್ನು ಇಟ್ಟಿತು. 2020ರ ಮಾರ್ಚಿನ ಲಾಕ್‌ಡೌನ್ ಕಾಲೇಜು ಲ್ಯಾಬುಗಳನ್ನು ಮುಚ್ಚಿದಾಗ ವಿದ್ಯಾರ್ಥಿಗಳು ಮನೆಯ ಲ್ಯಾಪ್‌ಟಾಪಿಗೆ ಬಂದರು. ಸುರತ್ಕಲ್ಲಿನ ಎನ್‌ಐಟಿಕೆ ಪಾಲುದಾರನಾಗಿರುವ ವರ್ಚುವಲ್ ಲ್ಯಾಬ್ಸ್, ಟಿಂಕರ್‌ಕ್ಯಾಡ್‌ನಂಥ ಅನುಕರಣೆಗಳು ಆ ದಿನಗಳಲ್ಲಿ ನೆರವಾದವು. ಅನುಕರಣೆಯಲ್ಲಿ ಪೋರ್ಟು ಕಾಣೆಯಾಗುವುದಿಲ್ಲ, ಕೇಬಲ್ಲು ಕೆಡುವುದಿಲ್ಲ. ಆದ್ದರಿಂದಲೇ ಅದರಲ್ಲಿ ಕಲಿತವರಿಗೆ ನಿಜವಾದ ಬೋರ್ಡಿನ ಮೊದಲ ದಿನ ಕಷ್ಟದ್ದಾಯಿತು.

ಡ್ರೈವರಿನ ಗೋಜನ್ನೇ ತಪ್ಪಿಸುವ ಪ್ರಯತ್ನಗಳೂ ನಡೆದಿವೆ. ಮೈಕ್ರೊಬಿಟ್, 2021ರ ಜನವರಿಯಲ್ಲಿ ಬಂದ ರಾಸ್ಪ್‌ಬೆರಿ ಪೈ ಪೀಕೊ ಬೋರ್ಡುಗಳು ಕಂಪ್ಯೂಟರಿಗೆ ಪೆನ್‌ಡ್ರೈವಿನಂತೆ ಕಾಣುತ್ತವೆ, ಫೈಲನ್ನು ಅದಕ್ಕೆ ಎಳೆದು ಹಾಕಿದರೆ ಆಯಿತು. ಪೆನ್‌ಡ್ರೈವು ಗುರುತಿಸದ ಓಎಸ್ ಇಲ್ಲವಾದ್ದರಿಂದ ಶಾಲೆಗಳಿಗೆ ಇದೇ ಸೂಕ್ತ ದಾರಿ. ಆದರೂ 2022ರ ಅಕ್ಟೋಬರಿನಲ್ಲಿ ಮ್ಯಾಕಿನ ವೆಂಚುರಾ ಬಂದಾಗ ಫೈಂಡರಿನಿಂದ ಪೀಕೊಗೆ ಎಳೆದ ಫೈಲು ನಕಲಾಗದೆ ಉಳಿಯಿತು, 13.1ರಲ್ಲಿ ಅದು ಸರಿಯಾಯಿತು. ಇನ್ನೊಂದು ದಾರಿ ಬ್ರೌಸರಿನದು. 2021ರಿಂದ ಕ್ರೋಮ್ ಬ್ರೌಸರು ಸೀರಿಯಲ್ ಪೋರ್ಟಿನೊಡನೆ ನೇರ ಮಾತಾಡಬಲ್ಲದು, ತಂತ್ರಾಂಶ ಹಾಕಿಕೊಳ್ಳದೆಯೇ ಡಂಪ್ ಮಾಡಬಹುದು. ಸಫಾರಿಯಲ್ಲಿ ಆ ಸೌಲಭ್ಯವಿಲ್ಲ. ಉಬುಂಟುವಿನಲ್ಲಿ ಕ್ರೋಮ್ ಬಳಸುವವರ ಹೆಸರೂ ಮೊದಲು ಡಯಲ್‌ಔಟ್ ಗುಂಪಿನಲ್ಲಿರಬೇಕು.